ಓದುಗರ ಪ್ರಶ್ನೆ, ನಮ್ಮ ಉತ್ತರ: ಪ್ಲಾಸ್ಟಿಕ್ ಮೈಯ ಟ್ಯಾಂಕ್ ನಿರೋಧಕ ನೆಲಬಾಂಬುಗಳು

ಯುದ್ಧ ಮುಗಿದ ಮೇಲೂ ನೆಲದೊಳಗೆ ಉಳಿದುಬಿಡುವ ಸ್ಫೋಟಕಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಉತ್ತರಿಸುವಾಗ, ಪ್ಲಾಸ್ಟಿಕ್ ಮೈಯ ಟ್ಯಾಂಕ್ ನಿರೋಧಕ ನೆಲಬಾಂಬುಗಳನ್ನು ಪತ್ತೆ ಮಾಡುವುದು ಲೋಹದವುಗಳಿಗಿಂತ ಬಹಳ ಕಷ್ಟ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆವು. ಆ ವಾಕ್ಯವನ್ನು ಹಿಡಿದು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಹಲವು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಆಯ್ದ ಕೆಲವಕ್ಕೆ, ಸೇನೆಯ ಎಂಜಿನಿಯರ್ ದಳದಿಂದ ನಿವೃತ್ತರಾಗಿ ಈಗ ಕಲಬುರಗಿಯಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಮಾನ್ಯರೇ, ನಾನು ಸೇನಾ ನೇಮಕಾತಿಗೆ ಸಿದ್ಧತೆ ನಡೆಸುತ್ತಿರುವ ಪದವಿ ವಿದ್ಯಾರ್ಥಿ. ಟ್ಯಾಂಕಿನಂಥ ಉಕ್ಕಿನ ಯಂತ್ರವನ್ನು ತಡೆಯಲು ಪ್ಲಾಸ್ಟಿಕ್ಕಿನ ಬಾಂಬು ಏಕೆ? ಅವುಗಳನ್ನು ಕಣ್ಣಿನಿಂದ ನೋಡಿ ಗುರುತಿಸಲು ಯಾವ ಲಕ್ಷಣಗಳಿವೆ? (ಭಾಲ್ಕಿ)

ಉತ್ತರ: ಟ್ಯಾಂಕಿನ ಸರಪಳಿ ಪಟ್ಟಿಯನ್ನು ಹರಿಯುವುದು ಒಳಗಿನ ಸಿಡಿಮದ್ದೇ ಹೊರತು ಹೊರಗಿನ ಕವಚವಲ್ಲ. ಮದ್ದು ಒದ್ದೆಯಾಗದಂತೆ, ಚದುರದಂತೆ ಹಿಡಿದಿಟ್ಟುಕೊಂಡರೆ ಕವಚದ ಕೆಲಸ ಮುಗಿಯಿತು. ಆದ್ದರಿಂದ ಕವಚವನ್ನು ಯಾವುದರಿಂದ ಮಾಡಬೇಕು ಎಂಬ ಪ್ರಶ್ನೆಯನ್ನು ತೀರ್ಮಾನಿಸಿದ್ದು ಟ್ಯಾಂಕಲ್ಲ, ಮೆಟಲ್ ಡಿಟೆಕ್ಟರ್. ಎರಡನೇ ಮಹಾಯುದ್ಧದ ಆರಂಭದಲ್ಲಿ ಜರ್ಮನರ ಟ್ಯಾಂಕ್ ನಿರೋಧಕ ನೆಲಬಾಂಬುಗಳು ಬಹುತೇಕ ಉಕ್ಕಿನವಾಗಿದ್ದವು. ಬ್ರಿಟನ್ನಿನಲ್ಲಿ ಆಶ್ರಯ ಪಡೆದಿದ್ದ ಪೋಲೆಂಡಿನ ಸೇನಾಧಿಕಾರಿ ಯೂಸೆಫ್ ಕೊಸಾಟ್ಸ್ಕಿ ರೂಪಿಸಿದ, ಒಬ್ಬನೇ ಸೈನಿಕ ಕೈಯಲ್ಲಿ ಹಿಡಿದು ನಡೆಯಬಹುದಾದ ಲೋಹಶೋಧಕವು 1942ರಲ್ಲಿ ಈಜಿಪ್ಟಿನ ಎಲ್ ಅಲಮೈನ್ ಮರುಭೂಮಿಯಲ್ಲಿ ಬಳಕೆಗೆ ಬಂದಾಗ, ಉಕ್ಕಿನ ಬಾಂಬುಗಳು ಮಣ್ಣಿನೊಳಗಿದ್ದೂ ಬಯಲಾದಂತಾಯಿತು. ಅದಕ್ಕೆ ಜರ್ಮನರು ಮರದ ಪೆಟ್ಟಿಗೆಯ, ಗಾಜಿನ, ಒತ್ತಿದ ಮರದ ತಿರುಳಿನ ಬಾಂಬುಗಳಿಂದ ಉತ್ತರ ಕೊಟ್ಟರು. ಸೋವಿಯತ್ ಸೇನೆಯೂ ಮರದ ಪೆಟ್ಟಿಗೆಯ ಬಾಂಬುಗಳನ್ನು ಹೇರಳವಾಗಿ ಹೂತಿತು. ಮರ ಮಣ್ಣಿನಲ್ಲಿ ಕೊಳೆಯುತ್ತದೆ, ಗಾಜು ಸಾಗಿಸುವಾಗ ಒಡೆಯುತ್ತದೆ. ಯುದ್ಧಾನಂತರ ಪ್ಲಾಸ್ಟಿಕ್ ಕೈಗಾರಿಕೆ ಬೆಳೆದಂತೆ, ಕೊಳೆಯದ, ತುಕ್ಕು ಹಿಡಿಯದ, ಹಗುರವಾದ, ಅಚ್ಚಿನಲ್ಲಿ ಅಗ್ಗವಾಗಿ ಎರಕವಾಗುವ ಈ ವಸ್ತು ಎಲ್ಲ ದೇಶಗಳ ಕಾರ್ಖಾನೆಗಳಿಗೂ ಒಗ್ಗಿಹೋಯಿತು.

ಇನ್ನು ಲಕ್ಷಣಗಳ ವಿಷಯ. ಮೊದಲು ಗಮನಿಸಬೇಕಾದದ್ದು ಗಾತ್ರ. ಮನುಷ್ಯರನ್ನು ಗುರಿಯಾಗಿಸಿದ ಕಾಲಾಳು ನಿರೋಧಕ ಬಾಂಬುಗಳಲ್ಲಿ ಹಲವು ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣವು. ಟ್ಯಾಂಕ್ ನಿರೋಧಕವುಗಳು ಸಾಮಾನ್ಯವಾಗಿ 20ರಿಂದ 35 ಸೆಂಟಿಮೀಟರ್ ಅಗಲವಿದ್ದು, ಮೂರು ಕಿಲೋದಿಂದ ಹನ್ನೆರಡು ಹದಿಮೂರು ಕಿಲೋವರೆಗೆ ತೂಗುತ್ತವೆ. ಆಕಾರ ದುಂಡಗಿರಬಹುದು, ಚೌಕವಿರಬಹುದು, ಅಪರೂಪಕ್ಕೆ ಉದ್ದನೆಯ ಪಟ್ಟಿಯಂತೆಯೂ ಇರಬಹುದು. ಮೇಲ್ಭಾಗದಲ್ಲಿ ಒತ್ತಡ ಬಿದ್ದಾಗ ಕೆಳಗೆ ಕುಸಿಯುವ ಒಂದು ತಟ್ಟೆ ಇರುತ್ತದೆ. ಕೆಲವು ಮಾದರಿಗಳಲ್ಲಿ ಅದು ಮೇಲ್ಮೈಯ ಬಹುಭಾಗವನ್ನು ಆವರಿಸಿದರೆ ಕೆಲವದರಲ್ಲಿ ನಡುವೆ ಮಾತ್ರ ಎದ್ದು ಕಾಣುತ್ತದೆ. ಕವಚ ಗಟ್ಟಿಯಾಗಿರಲೆಂದು ಮೈಮೇಲೆ ಉಬ್ಬುಗೆರೆಗಳನ್ನು ಬಿಟ್ಟಿರುತ್ತಾರೆ. ಇಷ್ಟು ಭಾರದ ವಸ್ತುವನ್ನು ಸೈನಿಕ ಹೊತ್ತೊಯ್ಯಬೇಕಾದ್ದರಿಂದ ಬದಿಯಲ್ಲಿ ಹಗ್ಗದ, ಬಟ್ಟೆಯ ಅಥವಾ ಪ್ಲಾಸ್ಟಿಕ್ಕಿನ ಹಿಡಿಕೆ ಇರುವುದು ಸಾಮಾನ್ಯ. ಕಾಲಾಳು ನಿರೋಧಕ ಬಾಂಬುಗಳಲ್ಲಿ ಹಿಡಿಕೆ ಅಪರೂಪವಾದ್ದರಿಂದ ನನ್ನ ದೃಷ್ಟಿಯಲ್ಲಿ ಇದು ಒಳ್ಳೆಯ ಸುಳಿವು. ಬದಿಯಲ್ಲಿ ಅಥವಾ ತಳದಲ್ಲಿ ಮುಚ್ಚಳ ಹಾಕಿದ ಇನ್ನೊಂದು ಕುಳಿಯಿದ್ದರೆ ಅದು ಹೆಚ್ಚುವರಿ ಫ್ಯೂಸ್, ಎಂದರೆ ಬಾಂಬನ್ನು ಸಿಡಿಸಲು ಚಾಲನೆ ಕೊಡುವ ಭಾಗ, ಕೂರಿಸಲು ಬಿಟ್ಟ ಜಾಗ. ಅದರ ಮಹತ್ವವನ್ನು ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ಪ್ರಸಿದ್ಧ ಮಾದರಿಗಳಲ್ಲಿ ಅಮೆರಿಕದ ಎಂ-19 ಚೌಕಾಕಾರದ್ದು. ಒಂದೊಂದು ಬದಿ ಸುಮಾರು 33 ಸೆಂಟಿಮೀಟರ್, ತೂಕ ಹನ್ನೆರಡೂವರೆ ಕಿಲೋ, ಅದರಲ್ಲಿ ಒಂಬತ್ತೂವರೆ ಕಿಲೋದಷ್ಟು ಸ್ಫೋಟಕ. ಚೌಕದ ನಡುವೆ ದುಂಡನೆಯ ಒತ್ತುತಟ್ಟೆ ಇರುವುದರಿಂದ ಒಮ್ಮೆ ಚಿತ್ರದಲ್ಲಿ ನೋಡಿದವರು ಮರೆಯುವುದಿಲ್ಲ. ಇಟಲಿಯ ವಿಎಸ್-1.6 ಇದಕ್ಕೆ ತದ್ವಿರುದ್ಧ. ದುಂಡಗೆ, ಸುಮಾರು 22 ಸೆಂಟಿಮೀಟರ್ ಅಗಲ, 9 ಸೆಂಟಿಮೀಟರ್ ಎತ್ತರ, ಮೂರು ಕಿಲೋ ತೂಕ. ಇಷ್ಟು ಚಿಕ್ಕದಾದ್ದರಿಂದಲೇ ಅದನ್ನು ಹೆಲಿಕಾಪ್ಟರಿನಿಂದ ಉದುರಿಸಿ ಹರಡಬಹುದು. ಅದೇ ದೇಶದ ಟಿಸಿ-6 ಸುಮಾರು 27 ಸೆಂಟಿಮೀಟರ್ ಅಗಲ, ಹದಿನೆಂಟು ಸೆಂಟಿಮೀಟರಿಗಿಂತ ಹೆಚ್ಚು ಎತ್ತರವಿದ್ದು ಆರು ಕಿಲೋ ಸ್ಫೋಟಕ ತುಂಬಿರುತ್ತದೆ. ಚೆಕೊಸ್ಲೊವಾಕಿಯಾದ ಪಿಟಿ ಮಿ-ಬಾ 3 ಎಂಬುದು ಬೇಕಲೈಟಿನದು, ಎಂದರೆ ನಮ್ಮ ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳನ್ನು ಮಾಡುತ್ತಿದ್ದ ಅದೇ ವಸ್ತು. ಯುಗೊಸ್ಲಾವಿಯಾದ ಟಿಎಂಎ-4ರ ಮೇಲೆ ಒಂದರ ಬದಲು ಮೂರು ಫ್ಯೂಸ್‌ಗಳು ಕಾಣುತ್ತವೆ. ಬ್ರಿಟಿಷರ ಬಾರ್ ಮೈನ್ 1.2 ಮೀಟರ್ ಉದ್ದದ ಪ್ಲಾಸ್ಟಿಕ್ ಪಟ್ಟಿ. ಸೋವಿಯತ್ ಒಕ್ಕೂಟದ ಟಿಎಂ-62 ಕುಟುಂಬವಂತೂ ವಿಚಿತ್ರ. ಒಂದೇ ಬಾಂಬನ್ನು ಲೋಹ, ಪ್ಲಾಸ್ಟಿಕ್, ಮರ, ಬಟ್ಟೆ ಹೀಗೆ ಬೇರೆ ಬೇರೆ ಕವಚಗಳಲ್ಲಿ ತಯಾರಿಸಿದರು. ದುಂಡಗಿದೆ, ದೊಡ್ಡದಿದೆ ಎಂದ ಮಾತ್ರಕ್ಕೆ ಅದು ಲೋಹದ್ದೋ ಪ್ಲಾಸ್ಟಿಕ್ಕಿನದ್ದೋ ಎಂದು ದೂರದಿಂದ ಹೇಳಲಾಗದು.

ಬಣ್ಣವನ್ನು ಮಾತ್ರ ನಂಬಬೇಡಿ. ಕಾರ್ಖಾನೆಯಿಂದ ಹೊರಬರುವಾಗ ಆಲಿವ್ ಹಸಿರು, ಮರಳು ಬಣ್ಣ, ಕಂದು ಇತ್ಯಾದಿ ಇರುತ್ತವೆ. ಬಿಸಿಲಿಗೆ ಬಿದ್ದ ಹಸಿರು ಕೆಲವೇ ವರ್ಷಗಳಲ್ಲಿ ಬೂದಿಯ ಕಡೆಗೆ ತಿರುಗುತ್ತದೆ, ಹೂತದ್ದು ಆಯಾ ಮಣ್ಣಿನ ಬಣ್ಣವನ್ನೇ ಹೀರಿಕೊಂಡಂತೆ ಕಾಣುತ್ತದೆ. ಎಂ-19ನ್ನು ಇರಾನ್, ದಕ್ಷಿಣ ಕೊರಿಯಾ ಮೊದಲಾದ ದೇಶಗಳು ನಕಲು ಮಾಡಿರುವಂತೆ, ಒಂದೇ ಆಕಾರ ಹಲವು ದೇಶಗಳ ಬಣ್ಣಗಳಲ್ಲಿ ಸಿಗುತ್ತದೆ. ತರಬೇತಿಗೆ ಬಳಸುವ ಖಾಲಿ ಬಾಂಬುಗಳಿಗೆ ನೀಲಿ ಬಳಿಯುವ ರೂಢಿ ಹಲವೆಡೆ ಇದೆ. ಹಾಗೆಂದು ನೀಲಿ ಕಂಡದ್ದೆಲ್ಲ ಖಾಲಿ ಎಂದು ತಿಳಿಯುವುದು ಪ್ರಾಣಕ್ಕೆ ಎರವಾಗುವ ತರ್ಕ. ನೀವು ಸೇನೆಗೆ ಸೇರಿ ಎಂಜಿನಿಯರ್ ದಳವನ್ನೇ ಆಯ್ದುಕೊಂಡರೆ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲೋ ಪುಣೆಯ ಸೇನಾ ಎಂಜಿನಿಯರಿಂಗ್ ಕಾಲೇಜಿನಲ್ಲೋ ಇವುಗಳ ಮಾದರಿಗಳನ್ನು ಕೈಯಲ್ಲಿ ಹಿಡಿದೇ ಕಲಿಯುವ ದಿನ ಬರುತ್ತದೆ.

ಪ್ರಶ್ನೆ: ಟ್ಯಾಂಕ್ ನಿರೋಧಕ ಬಾಂಬು ಸಿಡಿಯಲು ನೂರಾರು ಕಿಲೋ ಭಾರ ಬೇಕು, ಆದ್ದರಿಂದ ಮನುಷ್ಯ ಅದರ ಮೇಲೆ ನಡೆದರೂ ಏನೂ ಆಗುವುದಿಲ್ಲ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ನಿಜವೇ? (ಚಿತ್ತಾಪುರ)

ಉತ್ತರ: ಅಂಕಿ ನಿಜ, ಅದರಿಂದ ಅವರು ತೆಗೆದ ತೀರ್ಮಾನ ಸುಳ್ಳು. ಟಿಎಂ-62 ಮಾದರಿಗಳಿಗೆ 150ರಿಂದ 550 ಕಿಲೋ, ವಿಎಸ್-1.6ಕ್ಕೆ ಸುಮಾರು 180ರಿಂದ 220 ಕಿಲೋ ಭಾರ ಬೇಕೆಂದು ಅವುಗಳ ತಾಂತ್ರಿಕ ವಿವರಗಳು ಹೇಳುತ್ತವೆ. ಇವು ಹೊಸ ಬಾಂಬಿನ ಅಂಕಿಗಳು. ಮೂವತ್ತು ನಲವತ್ತು ವರ್ಷ ಮಣ್ಣಿನಲ್ಲಿದ್ದು, ಪ್ಲಾಸ್ಟಿಕ್ ಬಿರುಕು ಬಿಟ್ಟು, ನೀರು ಒಳಸೇರಿದ ಬಾಂಬು ಎಷ್ಟು ಭಾರಕ್ಕೆ ಸಿಡಿದೀತು ಎಂದು ಅದನ್ನು ತಯಾರಿಸಿದವರೂ ಹೇಳಲಾರರು. ಓಡುವ ಅಥವಾ ಜಿಗಿಯುವ ಮನುಷ್ಯನ ಕಾಲು ನೆಲಕ್ಕೆ ಬಡಿಯುವ ಬಲ ಅವನ ತೂಕದ ಹಲವು ಪಟ್ಟು ಇರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಬದಿಯ ಮತ್ತು ತಳದ ಕುಳಿಗಳ ಬಗ್ಗೆ ಮೇಲೆ ಹೇಳಿದೆ. ಶತ್ರುವಿನ ಸೈನಿಕರು ಬಾಂಬನ್ನು ಸುಲಭವಾಗಿ ಎತ್ತಿಹಾಕದಿರಲಿ ಎಂದು, ಅದನ್ನು ಅಲುಗಿಸಿದರೆ ಅಥವಾ ಮೇಲಕ್ಕೆತ್ತಿದರೆ ಸಿಡಿಯುವ ಉಪಾಯವನ್ನು ಅಲ್ಲಿ ಕೂರಿಸಲಾಗುತ್ತದೆ. ಅದಕ್ಕೆ ನೂರಾರು ಕಿಲೋ ಬೇಕಿಲ್ಲ, ಒಂದು ಕೈಯ ಎಳೆತ ಸಾಕು. ಮೇಲಿನಿಂದ ನೋಡಿದವರಿಗೆ ತಳದಲ್ಲಿ ಏನಿದೆ ಎಂಬುದು ಕಾಣುವುದೂ ಇಲ್ಲ. ಮತ್ತೆ, ಸೇನೆಗಳು ಟ್ಯಾಂಕ್ ನಿರೋಧಕ ಬಾಂಬುಗಳನ್ನು ಒಂಟಿಯಾಗಿ ಬಿಡುವುದು ಕಡಿಮೆ. ಅವನ್ನು ತೆಗೆಯಲು ಬರುವವರನ್ನು ತಡೆಯಲೆಂದೇ ಸುತ್ತ ಸಣ್ಣ ಕಾಲಾಳು ನಿರೋಧಕ ಬಾಂಬುಗಳನ್ನು ಹೂಳುವುದು ಹಳೆಯ ಪದ್ಧತಿ. ದೊಡ್ಡದನ್ನು ಕಂಡು ಅದರ ಬಳಿ ನಡೆದವನು ಕಾಣದ ಸಣ್ಣದನ್ನು ತುಳಿಯುತ್ತಾನೆ.

ವಾಹನಗಳ ಮಾತಿಗೆ ಬಂದರೆ ಟ್ಯಾಂಕೇ ಬೇಕೆಂದಿಲ್ಲ. ಹತ್ತು ಕ್ವಿಂಟಲ್ ತೊಗರಿ ಹೇರಿದ ಎತ್ತಿನ ಬಂಡಿಯ ಒಂದೊಂದು ಗಾಲಿಯ ಮೇಲೆ ಸುಮಾರು ಐನೂರು ಕಿಲೋ ಭಾರ ಬೀಳುತ್ತದೆ. ಟ್ರ್ಯಾಕ್ಟರ್, ಬಸ್, ನೀರಿನ ಟ್ಯಾಂಕರ್‌ಗಳನ್ನು ಹೇಳುವುದೇ ಬೇಡ. ಅಂಗೋಲಾ, ಅಫ್ಘಾನಿಸ್ತಾನಗಳಂಥ ದೇಶಗಳಲ್ಲಿ ಶಾಂತಿ ನೆಲೆಸಿದ ಮೇಲೂ ಹಳ್ಳಿಯ ರಸ್ತೆಗಳು ವರ್ಷಗಟ್ಟಲೆ ಮುಚ್ಚಿಯೇ ಇದ್ದುದಕ್ಕೆ ಇದೇ ಕಾರಣ. ಇನ್ನೊಂದು ವಿಷಯ: ಸಿನಿಮಾಗಳಲ್ಲಿ ನಾಯಕ ಬಾಂಬಿನ ಮೇಲೆ ಕಾಲಿಟ್ಟಾಗ 'ಕ್ಲಿಕ್' ಎಂಬ ಸದ್ದಾಗಿ, ಕಾಲು ತೆಗೆಯುವವರೆಗೂ ಅದು ಸಿಡಿಯದೆ ಕಾಯುತ್ತದೆ. ಒತ್ತಡಕ್ಕೆ ಸಿಡಿಯುವ ಬಾಂಬು ಹಾಗೆ ಸೌಜನ್ಯ ತೋರಿಸುವುದಿಲ್ಲ. ಒತ್ತಿದ ಕ್ಷಣವೇ ಸಿಡಿಯುತ್ತದೆ.

ಪ್ರಶ್ನೆ: ಪ್ಲಾಸ್ಟಿಕ್ ಬಾಂಬು ಮೆಟಲ್ ಡಿಟೆಕ್ಟರ್‌ಗೆ ಸಿಗುವುದೇ ಇಲ್ಲವೇ? ಸಿಗದಿದ್ದರೆ ಬೇರೆ ಯಾವ ಉಪಾಯಗಳಿವೆ? ನಮ್ಮ ಎರೆಹೊಲದಂಥ ಮಣ್ಣಿನಲ್ಲಿ ಅವು ಕೆಲಸ ಮಾಡುತ್ತವೆಯೇ ಎಂಬ ಕುತೂಹಲವೂ ಇದೆ. (ಶಹಾಪುರದ ಒಬ್ಬ ರೈತರು)

ಉತ್ತರ: ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು, ಏಕೆಂದರೆ ಬಾಂಬು ಪತ್ತೆಯಲ್ಲಿ ಅರ್ಧ ಪಾಲು ಮಣ್ಣಿನ ವಿಷಯವೇ ಇರುತ್ತದೆ.

ಲೋಹಶೋಧಕದ ಸುರುಳಿಯಲ್ಲಿ ಬದಲಾಗುತ್ತಿರುವ ವಿದ್ಯುತ್ ಹರಿದಾಗ ಅದರ ಸುತ್ತ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರವು ನೆಲದೊಳಗಿನ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳನ್ನು ಎಬ್ಬಿಸುತ್ತದೆ, ಆ ಸುಳಿಗಳ ಪ್ರತಿಕ್ಷೇತ್ರವನ್ನು ಸಾಧನ ಹಿಡಿದು ಸದ್ದಾಗಿ ಕೇಳಿಸುತ್ತದೆ. ಪ್ಲಾಸ್ಟಿಕ್ಕಿನಲ್ಲಾಗಲಿ ಸಿಡಿಮದ್ದಿನಲ್ಲಾಗಲಿ ಇಂಥ ಸುಳಿಗಳು ಏಳುವುದಿಲ್ಲ. ಆದರೆ ಹೆಚ್ಚಿನ ಪ್ಲಾಸ್ಟಿಕ್ ಬಾಂಬುಗಳ ಫ್ಯೂಸಿನಲ್ಲಿ ಮೊಳೆಯಂಥ ಒಂದು ಸೂಜಿ, ಸಣ್ಣ ಸ್ಪ್ರಿಂಗ್ ಅಥವಾ ಮುಖ್ಯ ಮದ್ದನ್ನು ಸಿಡಿಸುವ ಡಿಟೋನೇಟರಿನ ತೆಳು ಲೋಹದ ಕೊಳವೆ ಇರುತ್ತದೆ. ಎಲ್ಲ ಸೇರಿ ಕೆಲವೇ ಗ್ರಾಂ. ಹಾಗಾಗಿ ಸಿಗುವುದೇ ಇಲ್ಲ ಎಂದರೆ ತಪ್ಪು, ಸಿಗಬೇಕಾದರೆ ಸಾಧನದ ಸೂಕ್ಷ್ಮತೆಯನ್ನು ಬಹಳ ಏರಿಸಬೇಕು ಎಂಬುದು ಸರಿ. ಏರಿಸಿದ ಮೇಲೆ ಶುರುವಾಗುವುದು ಇನ್ನೊಂದು ತಾಪತ್ರಯ. ಯುದ್ಧ ನಡೆದ ನೆಲದಲ್ಲಿ ಗುಂಡಿನ ಚಿಪ್ಪು, ಶೆಲ್ಲಿನ ಚೂರು, ತಂತಿ, ಡಬ್ಬಿಯ ಮುಚ್ಚಳ ಎಲ್ಲೆಲ್ಲೂ ಚೆಲ್ಲಿರುತ್ತವೆ, ಸಾಧನ ಹೆಜ್ಜೆಹೆಜ್ಜೆಗೂ ಕೂಗುತ್ತದೆ. ಪ್ರತಿ ಕೂಗಿಗೂ ಮಂಡಿಯೂರಿ, ಮಣ್ಣನ್ನು ಬೆರಳಷ್ಟು ಬೆರಳಷ್ಟೇ ಬಿಡಿಸಿ ನೋಡಬೇಕು, ಹೆಚ್ಚಿನ ಸಲ ಸಿಗುವುದು ಕಸ. ಕೆಲಸದ ನಿಧಾನಕ್ಕೂ ಖರ್ಚಿಗೂ ಮೂಲ ಇದೇ.

ಈಗ ನಿಮ್ಮ ಹೊಲಕ್ಕೆ ಬರೋಣ. ನಮ್ಮ ಭಾಗದ ಎರೆಮಣ್ಣು ದಖನ್ನಿನ ಕಪ್ಪು ಲಾವಾಶಿಲೆ ಕರಗಿ ಆದದ್ದು, ಆ ಶಿಲೆಯಲ್ಲಿದ್ದ ಕಬ್ಬಿಣದ ಕಾಂತೀಯ ಖನಿಜಗಳು ಮಣ್ಣಿಗೂ ಬಂದಿವೆ. ಬೀದರ್ ಕೋಟೆ ನಿಂತಿರುವ ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯಲ್ಲಂತೂ ಕಬ್ಬಿಣದ ಆಕ್ಸೈಡುಗಳು ಕಣ್ಣಿಗೇ ಕಾಣುವಷ್ಟಿವೆ. ಇಂಥ ಮಣ್ಣು ಲೋಹ ಇಲ್ಲದ ಕಡೆಯೂ ಸಾಧನವನ್ನು ಕೂಗಿಸಬಲ್ಲದು. ಕಾಂಬೋಡಿಯಾದ ಜಂಬಿಟ್ಟಿಗೆ ನೆಲದಲ್ಲಿ ಕೆಲಸ ಮಾಡುವವರಿಗೆ ಇದು ದಿನನಿತ್ಯದ ಗೋಳು. ಹವಾಯಿಯ ಕಾಹೋಲಾವೆ ದ್ವೀಪದಲ್ಲಿ ಅಮೆರಿಕದ ನೌಕಾಪಡೆ ಅಭ್ಯಾಸಕ್ಕೆಂದು ಎಸೆದ ಶೆಲ್ಲುಗಳನ್ನು ತೆರವು ಮಾಡುವಾಗ ಅಲ್ಲಿನ ಲಾವಾ ಮಣ್ಣು ಇದೇ ಕಾಟ ಕೊಟ್ಟಿತು. ಹೊಸ ಸಾಧನಗಳು ನೆಲದ ಸ್ವಂತ ಸದ್ದನ್ನು ಅಳೆದು ಕಳೆಯಬಲ್ಲವು. ಆದರೆ ಹಾಗೆ ಕಳೆಯುವಾಗ ಒಂದೆರಡು ಗ್ರಾಂ ಲೋಹದ ಕ್ಷೀಣ ಸಂಕೇತವೂ ಸೇರಿ ಕಳೆದುಹೋಗುವ ಭಯ ಇದ್ದೇ ಇದೆ.

ಎರಡನೆಯ ಉಪಾಯ ನೆಲವನ್ನು ಭೇದಿಸುವ ರೇಡಾರ್. ಇದು ಲೋಹವನ್ನು ಹುಡುಕುವುದಿಲ್ಲ. ರೇಡಿಯೊ ತರಂಗವನ್ನು ಮಣ್ಣಿಗೆ ಬಿಟ್ಟು, ಮಣ್ಣಿಗಿಂತ ಭಿನ್ನವಾದ ವಸ್ತು ಎದುರಾದಾಗ ಹಿಂತಿರುಗುವ ಪ್ರತಿಧ್ವನಿಯನ್ನು ಓದುತ್ತದೆ. ಪ್ಲಾಸ್ಟಿಕ್ಕಿನ ದೊಡ್ಡ ಬಾಂಬಿಗೆ ಇದೇ ಸರಿಯಾದ ಮದ್ದು ಎನಿಸುತ್ತದೆ, ಒಣ ಮರಳಿನಲ್ಲಿ ಅದು ನಿಜವೂ ಹೌದು. ಲೋಹಶೋಧಕ ಮತ್ತು ರೇಡಾರ್ ಎರಡನ್ನೂ ಒಂದೇ ಕೋಲಿಗೆ ಜೋಡಿಸಿದ ಕೈಸಾಧನಗಳು ಈ ಶತಮಾನದ ಮೊದಲ ದಶಕದಿಂದಲೇ ಬಳಕೆಯಲ್ಲಿವೆ. ಆದರೆ ತೇವ ಹೀರಿದ ಜೇಡಿಮಣ್ಣು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ರೇಡಿಯೊ ತರಂಗವನ್ನು ಮೇಲ್ಪದರದಲ್ಲೇ ನುಂಗಿಬಿಡುತ್ತದೆ. ಎರೆಮಣ್ಣಿನಲ್ಲಿ ಜೇಡಿಯ ಪಾಲು ಎಷ್ಟೆಂದು ಮುಂಗಾರಿನಲ್ಲಿ ನೇಗಿಲು ಹಿಡಿದವರಿಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ತೇವ ಆರಿದಾಗ ನೆಲ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಆ ಬಿರುಕುಗಳೂ ರೇಡಾರಿನ ತೆರೆಯ ಮೇಲೆ ಪ್ರತಿಧ್ವನಿಗಳಾಗಿ ಮೂಡಿ ಗೊಂದಲ ಹೆಚ್ಚಿಸುತ್ತವೆ. ಹೀಗೆ ಒಂದು ಸಾಧನಕ್ಕೆ ನಮ್ಮ ಮಣ್ಣಿನ ಕಬ್ಬಿಣ ಅಡ್ಡ, ಇನ್ನೊಂದಕ್ಕೆ ಅದರ ಜೇಡಿ ಅಡ್ಡ. ನಮ್ಮ ಹೊಲಗಳಲ್ಲಿ ಯಾರೂ ನೆಲಬಾಂಬು ಹೂತಿಲ್ಲ ಎಂಬುದು ನಮ್ಮ ಭಾಗ್ಯ.

ಮೂರನೆಯದು ಅತ್ಯಂತ ಹಳೆಯ ವಿಧಾನ. ಸಲಾಕೆಯನ್ನು ಓರೆಯಾಗಿ ಹಿಡಿದು ಮೆಲ್ಲನೆ ಮಣ್ಣಿಗೆ ತೂರಿಸುತ್ತ ಮುಂದೆ ಸಾಗುವುದು. ನೇರವಾಗಿ ಚುಚ್ಚಿದರೆ ತುದಿ ಬಾಂಬಿನ ಒತ್ತುತಟ್ಟೆಗೆ ತಾಗುತ್ತದೆ, ಓರೆಯಾಗಿದ್ದರೆ ಬದಿಗೆ ತಾಗುತ್ತದೆ ಎಂಬುದು ಅದರ ಹಿಂದಿನ ವಿಚಾರ. ಬಿಸಿಲಿಗೆ ಕಲ್ಲಾದ ನೆಲದಲ್ಲಿ ಸಲಾಕೆ ಇಳಿಯುವುದಿಲ್ಲ, ಬಲ ಹಾಕಿದರೆ ಜಾರಿ ಎಲ್ಲೋ ಹೋಗುತ್ತದೆ. ಅದಕ್ಕೇ ತೆರವು ತಂಡಗಳು ಗಟ್ಟಿ ನೆಲಕ್ಕೆ ನೀರು ಹಾಕಿ ಮೆತ್ತಗೆ ಮಾಡಿಕೊಂಡು ಕೆಲಸಕ್ಕೆ ಇಳಿಯುವುದುಂಟು.

ನಾಲ್ಕನೆಯದು ವಾಸನೆ. ಪ್ಲಾಸ್ಟಿಕ್ ಕವಚ ಎಷ್ಟೇ ಬಿಗಿಯಾಗಿದ್ದರೂ ವರ್ಷಗಳಲ್ಲಿ ಸ್ಫೋಟಕದ ಅತ್ಯಲ್ಪ ಅಂಶ ಮಣ್ಣಿಗೆ ಸೋರುತ್ತದೆ, ತರಬೇತಿ ಪಡೆದ ನಾಯಿ ಅದನ್ನು ಹಿಡಿಯಬಲ್ಲದು. ಆಫ್ರಿಕಾದ ದೈತ್ಯ ಚೀಲ ಇಲಿಗಳಿಗೂ ಇದೇ ವಿದ್ಯೆಯನ್ನು ಕಲಿಸಲಾಗಿದೆ. ಕಾಂಬೋಡಿಯಾದಲ್ಲಿ ಕೆಲಸ ಮಾಡಿದ ಮಗಾವಾ ಎಂಬ ಇಲಿಗೆ 2020ರಲ್ಲಿ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಯೊಂದು ಚಿನ್ನದ ಪದಕ ಕೊಟ್ಟಾಗ ನಮ್ಮ ಪತ್ರಿಕೆಗಳಲ್ಲೂ ಅದರ ಚಿತ್ರ ಬಂದಿತ್ತು. ಅದು 2022ರ ಜನವರಿಯಲ್ಲಿ ತೀರಿಕೊಂಡಿತು. ಇಲಿ ಹುಡುಕುವುದು ಸ್ಫೋಟಕದ ವಾಸನೆಯನ್ನೇ ಆದ್ದರಿಂದ ಲೋಹದ ಕಸ ಅದನ್ನು ದಾರಿ ತಪ್ಪಿಸುವುದಿಲ್ಲ, ಮತ್ತು ಅದರ ತೂಕಕ್ಕೆ ಬಾಂಬು ಸಿಡಿಯುವುದೂ ಇಲ್ಲ. ಪ್ಲಾಸ್ಟಿಕ್ ಬಾಂಬಿನ ವಿಷಯದಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಯಂತ್ರಕ್ಕಿಂತ ಈ ಮೂಗುಗಳ ಮೇಲೆ. ಆದರೂ ಯಾವ ತಂಡವೂ ಒಂದೇ ವಿಧಾನವನ್ನು ನೆಚ್ಚಿ ಒಂದು ನೆಲವನ್ನು ಸುರಕ್ಷಿತ ಎಂದು ಬರೆದುಕೊಡುವುದಿಲ್ಲ.

ಪ್ರಶ್ನೆ: ನನ್ನ ತಮ್ಮ ಕುವೈತಿನಲ್ಲಿ ಪೈಪ್‌ಲೈನ್ ಕೆಲಸಕ್ಕೆ ಹೋಗಿದ್ದಾನೆ. ಊರಿನಿಂದ ದೂರದ ಮರುಭೂಮಿಯಲ್ಲಿ ಅಗೆತ ಇರುತ್ತದೆಯಂತೆ. ಅವನು ಯಾವುದನ್ನು ಗಮನಿಸಬೇಕು? (ಕಲಬುರಗಿ)

ಉತ್ತರ: 1990–91ರ ಆಕ್ರಮಣದ ಕಾಲದಲ್ಲಿ ಇರಾಕಿನ ಸೇನೆ ಕುವೈತಿನಲ್ಲಿ ಅಪಾರ ಸಂಖ್ಯೆಯ ನೆಲಬಾಂಬುಗಳನ್ನು ಹೂತಿತ್ತು, ಅವುಗಳಲ್ಲಿ ಇಟಲಿಯ ವಿಎಸ್ ಮಾದರಿಯ ಪ್ಲಾಸ್ಟಿಕ್ ಬಾಂಬುಗಳೂ ಇದ್ದವು. ಯುದ್ಧದ ನಂತರ ಹಲವು ದೇಶಗಳ ತಂಡಗಳು ವಲಯಗಳನ್ನು ಹಂಚಿಕೊಂಡು ವ್ಯಾಪಕವಾಗಿ ತೆರವು ಮಾಡಿದವು. ಆದರೂ ಮರುಭೂಮಿಯ ಗಾಳಿ ಒಂದೆಡೆಯ ಮರಳನ್ನು ಬಾಚಿ ಇನ್ನೊಂದೆಡೆ ಗುಡ್ಡೆ ಹಾಕುತ್ತದೆ. ಒಂದು ಅಡಿ ಆಳದಲ್ಲಿದ್ದದ್ದು ಮೇಲೆ ಬರುತ್ತದೆ, ಮೇಲಿದ್ದದ್ದು ಸಾಧನಕ್ಕೆ ಸಿಗದಷ್ಟು ಆಳಕ್ಕೆ ಹೂತುಹೋಗುತ್ತದೆ. ಮರಳಿನ ಬಣ್ಣದ ಪ್ಲಾಸ್ಟಿಕ್ಕಿನ ಅಂಚು ಕಂಡರೂ ಕಲ್ಲೆಂದೇ ತೋರುತ್ತದೆ. ಆದ್ದರಿಂದ ನಿಮ್ಮ ತಮ್ಮನಿಗೆ ಮಾದರಿಗಳ ಹೆಸರು ಗೊತ್ತಿರಬೇಕಾದ ಅಗತ್ಯವಿಲ್ಲ. ಮನುಷ್ಯ ಮಾಡಿದ, ಅಚ್ಚುಕಟ್ಟಾದ ದುಂಡು ಅಥವಾ ಚೌಕ ವಸ್ತು ಮರಳಿನಲ್ಲಿ ಕಂಡರೆ ಅದನ್ನು ಬಾಂಬೆಂದೇ ಭಾವಿಸಿ ನಿಂತುಬಿಡಬೇಕು.

ಎಚ್ಚರಿಕೆಯ ಗುರುತುಗಳು ಹೆಚ್ಚು ಉಪಯುಕ್ತ. ತಲೆಬುರುಡೆಯ ಚಿತ್ರವಿರುವ ಕೆಂಪು ಫಲಕ, ಕೆಂಪು ತ್ರಿಕೋನ, ಕೆಂಪು ಬಳಿದ ಕಲ್ಲುಗಳ ಸಾಲು ಇವು ಅಪಾಯವನ್ನೂ, ಬಿಳಿ ಬಳಿದ ಕಲ್ಲುಗಳು ತೆರವಾದ ಜಾಗವನ್ನೂ ಸೂಚಿಸುವುದು ಹಲವು ದೇಶಗಳ ರೂಢಿ. ಹಳೆಯ ಮುಳ್ಳುತಂತಿಯ ತುಂಡುಗಳು, ತುಕ್ಕು ಹಿಡಿದ ವಾಹನದ ಅವಶೇಷ, ಒಂಟೆ ಅಥವಾ ಕುರಿಗಳ ಮೂಳೆ ಒಂದೆಡೆ ಬಿದ್ದಿರುವುದು, ಕುರಿಗಾಹಿಗಳು ಕಾರಣವಿಲ್ಲದೆ ಬಳಸಿ ಹೋಗುವ ಜಾಗ, ಇವೆಲ್ಲ ಸುಳಿವುಗಳು. ಕಂಪನಿಯು ಅಗೆತಕ್ಕೆ ಮುನ್ನ ಆ ಜಾಗದ ತೆರವು ಪ್ರಮಾಣಪತ್ರ ಪಡೆದಿದೆಯೇ ಎಂದು ಕೇಳುವ ಹಕ್ಕು ಕಾರ್ಮಿಕನಿಗಿದೆ, ಕೇಳಲು ಸಂಕೋಚ ಬೇಡ. ಅನುಮಾನದ ನೆಲದಲ್ಲಿ ಸಿಕ್ಕಿಕೊಂಡೆನೆಂದು ತಿಳಿದರೆ ಇದ್ದಲ್ಲೇ ನಿಂತು, ಇತರರನ್ನು ಕೂಗಿ ಎಚ್ಚರಿಸಿ, ಸಹಾಯ ಬರುವವರೆಗೆ ಕಾಯಬೇಕು. ಕಾಯಲು ಸಾಧ್ಯವೇ ಇಲ್ಲದಿದ್ದರೆ ಬಂದ ಹೆಜ್ಜೆಗುರುತುಗಳು ಸ್ಪಷ್ಟವಾಗಿ ಕಾಣುತ್ತಿದ್ದಲ್ಲಿ ಮಾತ್ರ ಅವುಗಳ ಮೇಲೆಯೇ ಹಿಂದಕ್ಕೆ ಬರಬೇಕು.

ಪ್ರಶ್ನೆ: ನೆಲಬಾಂಬುಗಳನ್ನು ಜಗತ್ತು ನಿಷೇಧಿಸಿದೆ ಎಂದು ಓದಿದ್ದೇನೆ. ಭಾರತದ ಬಳಿ ಇವು ಇವೆಯೇ? (ಹುಮನಾಬಾದ್)

ಉತ್ತರ: 1997ರ ಒಟ್ಟಾವಾ ಒಪ್ಪಂದ ನಿಷೇಧಿಸಿದ್ದು ಕಾಲಾಳು ನಿರೋಧಕ ಬಾಂಬುಗಳನ್ನು ಮಾತ್ರ. ವಾಹನದಿಂದ ಸಿಡಿಯುವ ಬಾಂಬುಗಳು, ಎತ್ತಿದರೆ ಸಿಡಿಯುವ ಉಪಾಯ ಹೊಂದಿದ್ದರೂ, ಅದರ ವ್ಯಾಪ್ತಿಗೆ ಬರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಆ ಒಪ್ಪಂದದ ದೊಡ್ಡ ಬಿರುಕು, ಏಕೆಂದರೆ ಬಸ್ಸಿನಲ್ಲಿ ಕುಳಿತವರಿಗೆ ಬಾಂಬಿನ ವರ್ಗೀಕರಣದಿಂದ ಏನೂ ಉಪಯೋಗವಿಲ್ಲ. ಭಾರತ, ಪಾಕಿಸ್ತಾನ, ಚೀನಾ, ರಷ್ಯಾ, ಅಮೆರಿಕ ಈ ಒಪ್ಪಂದಕ್ಕೆ ಸೇರಿಲ್ಲ. 2025ರಲ್ಲಿ ಪೋಲೆಂಡ್, ಫಿನ್ಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು ರಷ್ಯಾದ ಭೀತಿಯಿಂದ ಅದರಿಂದ ಹೊರಬರುವ ನಿರ್ಧಾರ ಮಾಡಿದವು.

ಭಾರತ ಒಪ್ಪಿಕೊಂಡಿರುವುದು ಇನ್ನೊಂದು ಕಟ್ಟಳೆ. ಕೆಲವು ಸಾಂಪ್ರದಾಯಿಕ ಅಸ್ತ್ರಗಳ ಮೇಲಿನ ನಿರ್ಬಂಧದ ಒಡಂಬಡಿಕೆಯ, 1996ರಲ್ಲಿ ತಿದ್ದುಪಡಿಯಾದ ಎರಡನೇ ಉಪಸಂಧಿಯನ್ನು ನಮ್ಮ ದೇಶ 1999ರಲ್ಲಿ ಅಂಗೀಕರಿಸಿತು. ಅದರ ಪ್ರಕಾರ ಕಾಲಾಳು ನಿರೋಧಕ ಬಾಂಬಿನಲ್ಲಿ ಲೋಹಶೋಧಕಕ್ಕೆ ಎಂಟು ಗ್ರಾಂ ಕಬ್ಬಿಣದಷ್ಟು ಸಂಕೇತ ಕೊಡುವ ಲೋಹ ಇರಲೇಬೇಕು. ಟ್ಯಾಂಕ್ ನಿರೋಧಕ ಬಾಂಬುಗಳಿಗೂ ಈ ಷರತ್ತು ಅನ್ವಯವಾಗಲಿ ಎಂದು ಹಲವು ದೇಶಗಳು ಜಿನೀವಾದಲ್ಲಿ ವರ್ಷಗಟ್ಟಲೆ ವಾದಿಸಿದರೂ ಒಮ್ಮತ ಮೂಡಲಿಲ್ಲ. 2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿ ನಡೆದ ನಂತರದ ಆಪರೇಷನ್ ಪರಾಕ್ರಮದಲ್ಲಿ ನಮ್ಮ ಸೇನೆ ಪಂಜಾಬ್, ರಾಜಸ್ಥಾನ ಮತ್ತು ಜಮ್ಮು ಗಡಿಗಳಲ್ಲಿ ಲಕ್ಷಗಟ್ಟಲೆ ಬಾಂಬುಗಳನ್ನು ಹೂತು, ಮುಂದೆ ಅವನ್ನು ತೆಗೆಯಿತು. ಹೂಳುವಾಗಲೂ ತೆಗೆಯುವಾಗಲೂ ಸೈನಿಕರು ಜೀವ ತೆತ್ತರು, ಗಡಿಯ ರೈತರು ಹೊಲಕ್ಕೆ ಇಳಿಯಲಾಗದೆ ಬೆಳೆ ಕಳೆದುಕೊಂಡರು. ಈಗ ಡಿಆರ್‌ಡಿಒ ರೂಪಿಸಿರುವ ವಿಭವ್ ಎಂಬ ಹೊಸ ಟ್ಯಾಂಕ್ ನಿರೋಧಕ ಬಾಂಬು ಪ್ಲಾಸ್ಟಿಕ್ ಮೈಯದೇ ಆದರೂ, ನಿಗದಿತ ಅವಧಿಯ ನಂತರ ತಾನಾಗಿ ನಿಷ್ಕ್ರಿಯವಾಗುವ ವ್ಯವಸ್ಥೆ ಅದರಲ್ಲಿದೆ.

ಪ್ರಶ್ನೆ: ಕಲ್ಲು ಕ್ವಾರಿಯ ಪಕ್ಕದ ನಮ್ಮ ಹೊಲದಲ್ಲಿ ಮಣ್ಣಿನಿಂದ ಅರ್ಧ ಹೊರಬಂದ ದುಂಡನೆಯ ಹಸಿರು ಪ್ಲಾಸ್ಟಿಕ್ ವಸ್ತು ಕಂಡಿತು. ಕೋಲಿನಿಂದ ಎಬ್ಬಿಸಿ ನೋಡೋಣವೆಂದು ಮಗ ಹೇಳುತ್ತಿದ್ದಾನೆ. (ಸೇಡಂ)

ಉತ್ತರ: ಬೇಡ. ಅದು ನೆಲಬಾಂಬಾಗಿರುವ ಸಂಭವ ನಮ್ಮ ಜಿಲ್ಲೆಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಡಬ್ಬಿಯ ಮುಚ್ಚಳವೇ ಇರಬಹುದು. ಆದರೆ ಕ್ವಾರಿಯ ಸುತ್ತ ಸಿಡಿಯದೆ ಉಳಿದ ಜಿಲೆಟಿನ್ ಕಡ್ಡಿ, ಡಿಟೋನೇಟರ್ ಸಿಗುವುದುಂಟು, ಕೆಲವೆಡೆ ಕಾಡುಹಂದಿಗೆ ಇಟ್ಟ ಸಿಡಿಮದ್ದಿನ ಉಂಡೆಗಳೂ ಸಿಗುತ್ತವೆ. ಇವು ಬೆರಳು, ಕಣ್ಣು ಕಳೆಯಲು ಸಾಕು. ಜಾಗಕ್ಕೆ ದೂರದಿಂದ ಕಾಣುವ ಗುರುತು ಹಾಕಿ, ಮಕ್ಕಳನ್ನೂ ದನಗಳನ್ನೂ ಆ ಕಡೆ ಬಿಡದೆ, 112ಕ್ಕೆ ಕರೆ ಮಾಡಿ. ಕರೆಯನ್ನು ವಸ್ತುವಿನ ಪಕ್ಕದಲ್ಲಿ ನಿಂತು ಮಾಡಬೇಡಿ. ಪೊಲೀಸರು ಬಾಂಬ್ ನಿಷ್ಕ್ರಿಯ ದಳವನ್ನು ಕರೆಸುತ್ತಾರೆ. ಮುಚ್ಚಳವೆಂದು ತಿಳಿದುಬಂದರೂ ನಿಮ್ಮನ್ನು ಯಾರೂ ಬೈಯುವುದಿಲ್ಲ.

ಪ್ರಶ್ನೆ: ನೆಲಬಾಂಬಿನ ಮೇಲೆ ಹಾಯ್ದರೂ ಒಳಗಿನವರು ಬದುಕುಳಿಯುವ ವಾಹನಗಳನ್ನು ಬೀದರ್ ಪಕ್ಕದಲ್ಲೇ ತಯಾರಿಸುತ್ತಾರಂತೆ, ಹೌದೇ? (ಬಸವಕಲ್ಯಾಣ)

ಉತ್ತರ: ಹೌದು. ಗಡಿಯಾಚೆ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಎದ್ದುಮೈಲಾರಂನಲ್ಲಿರುವ, ಮೆದಕ್ ಆರ್ಡ್‌ನೆನ್ಸ್ ಫ್ಯಾಕ್ಟರಿ ಎಂದೇ ಹೆಸರಾದ ಕಾರ್ಖಾನೆಯಲ್ಲಿ ಅಂಥ ಬಾಂಬು ನಿರೋಧಕ ವಾಹನಗಳು ತಯಾರಾಗಿವೆ. ಸಾಮಾನ್ಯ ಲಾರಿಯ ತಳ ಚಪ್ಪಟೆಯಾಗಿರುವುದರಿಂದ ಸ್ಫೋಟದ ಒತ್ತಡವನ್ನೆಲ್ಲ ಅದೇ ಹೊರಬೇಕಾಗುತ್ತದೆ. ಈ ವಾಹನಗಳ ತಳ ದೋಣಿಯ ಅಡಿಯಂತೆ ಎರಡೂ ಕಡೆ ಓರೆಯಾಗಿದ್ದು, ಒತ್ತಡ ಬದಿಗಳಿಗೆ ಜಾರಿಹೋಗುತ್ತದೆ. ನೆಲದಿಂದ ತಳವನ್ನು ಎತ್ತರಿಸಿದಷ್ಟೂ ಪೆಟ್ಟು ಕಡಿಮೆಯಾಗುವುದರಿಂದ ಅವು ಎತ್ತರವಾಗಿಯೂ ಇರುತ್ತವೆ. ಗಾಲಿ, ಅಚ್ಚು ಹಾರಿಹೋದರೂ ಒಳಗೆ ಪಟ್ಟಿ ಬಿಗಿದು ಕುಳಿತವರು ಬದುಕುವ ಸಾಧ್ಯತೆ ಹೆಚ್ಚು. ಪಟ್ಟಿ ಬಿಗಿಯದಿದ್ದವರ ತಲೆ ಮೇಲ್ಚಾವಣಿಗೆ ಬಡಿದು ಆಗುವ ಗಾಯಗಳು ಇಂಥ ವಾಹನಗಳಲ್ಲೂ ತಪ್ಪುವುದಿಲ್ಲ. ತಾಳುವ ಶಕ್ತಿಗೂ ಮಿತಿಯಿದೆ. ಪ್ರತಿ ವಾಹನವನ್ನೂ ಗಾಲಿಯ ಕೆಳಗೆ ಇಂತಿಷ್ಟು ಕಿಲೋ, ಹೊಟ್ಟೆಯ ಕೆಳಗೆ ಇಂತಿಷ್ಟು ಕಿಲೋ ಟಿಎನ್‌ಟಿ ಸ್ಫೋಟಕ ಎಂಬ ಲೆಕ್ಕದಲ್ಲಿ ಪರೀಕ್ಷಿಸಿರುತ್ತಾರೆ, ಒಂದರ ಮೇಲೊಂದು ಪೇರಿಸಿಟ್ಟ ಬಾಂಬುಗಳು ಆ ಲೆಕ್ಕವನ್ನು ಮೀರುತ್ತವೆ.